ಬರೀ ಅಕ್ಷರದ ಆಟ ಅಂತ ಮಗನಿಗೆ ಕೊಟ್ಟೆ, ಒಳಗೆ ದೊಡ್ಡವರ ಮಾತಿತ್ತು

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಕನ್ನಡ ಪದಬಂಧ, ಇಂಗ್ಲಿಷ್ ಕ್ರಾಸ್‌ವರ್ಡ್ ಎರಡನ್ನೂ ಬಿಡಿಸುತ್ತಾನೆ. ಮಾತು ತಿರುಚಿ ನಗಿಸುವುದೆಂದರೆ ಅವನಿಗೆ ತುಂಬಾ ಇಷ್ಟ. ಹಳೇ ಕಂಪ್ಯೂಟರ್ ಆಟವೊಂದರಲ್ಲಿ ಪದದಿಂದ 'ಟಿ' ಅಕ್ಷರ ಕಿತ್ತುಹಾಕುವ ಯಂತ್ರ ಇದೆ ಅಂತ ಆಫೀಸಿನಲ್ಲಿ ಒಬ್ಬರು ಹೊಗಳಿದರು. 'ಲೆದರ್ ಗಾಡೆಸಸ್ ಆಫ್ ಫೋಬೋಸ್' ಅಂತ ಆಟದ ಹೆಸರು. ಚಿತ್ರ ಇಲ್ಲ, ಓದಿ ಟೈಪ್ ಮಾಡುವುದಷ್ಟೇ, ಅದೂ 1980ರ ದಶಕದ್ದು. ಹಾಗಾಗಿ ಚಿಂತೆಯಿಲ್ಲ ಅಂದುಕೊಂಡು ಇಬ್ಬರೂ ಕೂತು ಆಡಿದೆವು. ಸ್ವಲ್ಪ ಹೊತ್ತಿಗೇ ಪೋಲಿ ಮಾತು ಶುರುವಾಯಿತು. ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಪದಗಳ ಆಟಗಳೆಲ್ಲ ಹೀಗೇನಾ? ಅವನು ಬೇರೆ ಆಟ ಕೇಳುತ್ತಿದ್ದಾನೆ, ಯಾವುದು ಕೊಡಬಹುದು?
ಒಬ್ಬ ತಾಯಿ, ಮೈಸೂರು

ಉತ್ತರ: ಇಲ್ಲ, ಎಲ್ಲವೂ ಹೀಗಲ್ಲ. ನಿಮ್ಮ ಕೈಗೆ ಸಿಕ್ಕಿದ್ದು ಬೇಕಂತಲೇ ಪೋಲಿಯಾಗಿ ಬರೆದ ಆಟ. ಬರೆದವರು ಸ್ಟೀವ್ ಮೆರೆಟ್‌ಸ್ಕಿ, ಹೊರತಂದದ್ದು ಇನ್ಫೋಕಾಮ್ ಕಂಪನಿ. ಇಬ್ಬರೂ ಅದನ್ನು ಮುಚ್ಚಿಡಲಿಲ್ಲ. 1986ರಲ್ಲಿ ಅದು ದೊಡ್ಡವರ ತಮಾಷೆಯ ಆಟವಾಗಿಯೇ ಮಾರಾಟವಾಯಿತು. ಆದರೆ ಪದಗಳ ಆಟ ಇಷ್ಟಪಡುವವರು ಇವತ್ತು ಅದರ ಹೆಸರು ಹೇಳುವುದು ಪೋಲಿತನಕ್ಕಲ್ಲ, ಆ ಟಿ ಯಂತ್ರಕ್ಕೆ. ನಿಮ್ಮ ಆಫೀಸಿನವರಿಗೂ ಅದೊಂದೇ ನೆನಪಿದ್ದಿರಬೇಕು.

ಆ ಯಂತ್ರ ನೆನಪಿನಲ್ಲಿ ಉಳಿಯುವಂಥದ್ದೇ. ಆಟದಲ್ಲಿ ಕಿಂಗ್ ಮೈಟರ್ ಅಂತ ಒಬ್ಬ ರಾಜ ಇದ್ದಾನೆ. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸ್ ರಾಜನ ಕಥೆ ಗೊತ್ತಲ್ವಾ? ಈ ರಾಜ ಮುಟ್ಟಿದ್ದೆಲ್ಲ 45 ಡಿಗ್ರಿ ಕೋನವಾಗುತ್ತದೆ. ಬಡಗಿಗಳು ಚೌಕಟ್ಟಿನ ಮೂಲೆ ಕೂಡಿಸಲು ಮರವನ್ನು 45 ಡಿಗ್ರಿಗೆ ಕತ್ತರಿಸುತ್ತಾರಲ್ಲ, ಆ ಜೋಡಣೆಗೆ ಇಂಗ್ಲಿಷಿನಲ್ಲಿ ಮೈಟರ್ ಎಂದೇ ಹೆಸರು. ರಾಜನ ಮಗಳೂ ಕೋನವಾಗಿಬಿಟ್ಟಿದ್ದಾಳೆ. ಆಟಗಾರನಿಗೆ ಸಿಗುವುದು ಸಿಕ್ಕು ಬಿಡಿಸುವ ಕ್ರೀಮಿನ ಡಬ್ಬಿ, ಅಂದರೆ ಅನ್‌ಟ್ಯಾಂಗ್ಲಿಂಗ್ ಕ್ರೀಮ್. ಯಂತ್ರಕ್ಕೆ ಹಾಕಿ ಟಿ ಕಿತ್ತರೆ ಅದು ಅನ್‌ಆ್ಯಂಗ್ಲಿಂಗ್ ಕ್ರೀಮ್, ಕೋನ ಬಿಡಿಸುವ ಮದ್ದು. ಇಡೀ ಒಗಟಿನಲ್ಲಿ ಮಗು ಕೇಳಬಾರದ ಮಾತು ಒಂದೂ ಇಲ್ಲ. ಅದರ ಸುತ್ತ ಇರುವ ಕಥೆ ಮಾತ್ರ ಮಕ್ಕಳದ್ದಲ್ಲ. ಅದಕ್ಕೇ ನಿಮಗೆ ಮೋಸವಾದ ಹಾಗೆ ಅನಿಸಿದ್ದು.

ಆ ಆಟದಲ್ಲಿ ಪೋಲಿತನಕ್ಕೆ ಮೂರು ಮಟ್ಟಗಳಿವೆ: ಟೇಮ್, ಸಜೆಸ್ಟಿವ್, ಲ್ಯೂಡ್. ಸಪ್ಪೆ, ಸೂಚನೆಯ ಮಟ್ಟ, ಬಿಚ್ಚುಮಾತು ಅನ್ನಬಹುದು. ಆ ಪದ ಟೈಪ್ ಮಾಡಿದರೆ ಮಟ್ಟ ಬದಲಾಗುತ್ತದೆ. ಅದಿರುವುದು ನಿಮಗೆ ಗೊತ್ತಿರಲಿಲ್ಲ ಅನಿಸುತ್ತದೆ. ಆ ಕಾಲಕ್ಕೆ ಇದು ಒಳ್ಳೆಯ ಯೋಚನೆ. ಎಷ್ಟು ಬೇಕು ಎಂಬ ತೀರ್ಮಾನವನ್ನು ಆಡುವವರಿಗೇ ಬಿಟ್ಟಿದ್ದಾರೆ. ಆದರೆ 13ರ ಹುಡುಗನಿಗೆ ಟೇಮ್ ಮಟ್ಟ ಇಟ್ಟು ಆ ಆಟ ಕೊಡಿ ಅಂತ ನಾನು ಹೇಳುವುದಿಲ್ಲ. ಮಟ್ಟ ಇಳಿಸಿದರೆ ವರ್ಣನೆ ಇಳಿಯುತ್ತದೆ, ಕಥೆಯ ಹಂದರ ಬದಲಾಗುವುದಿಲ್ಲ. ಜೊತೆಗೆ, ಯಾವ ಪದ ಟೈಪ್ ಮಾಡಿದರೆ ಏನಾಗುತ್ತದೆ ಅಂತ ಹುಡುಗರಿಗೆ ತಿಳಿಯಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಚಿತ್ರ ಇಲ್ಲ, ಹಳೇದು, ಹಾಗಾಗಿ ಮಕ್ಕಳಿಗೆ ಆಗುತ್ತದೆ ಅಂತ ನೀವು ಅಂದುಕೊಂಡಿರಿ. ತುಂಬಾ ಜನ ಹೀಗೇ ಅಂದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಈ ಬಗೆಯ ಆಟ ಹುಟ್ಟಿದ್ದೇ ಮಕ್ಕಳ ಸಲುವಾಗಿ. 1970ರ ದಶಕದ ನಡುವಿನಲ್ಲಿ ಅಮೆರಿಕದ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಕೆಂಟಕಿಯ ಮ್ಯಾಮತ್ ಗುಹೆಯನ್ನು ಮನಸ್ಸಿನಲ್ಲಿಟ್ಟುಕೊಂಡು 'ಅಡ್ವೆಂಚರ್' ಬರೆದರು. ಆಗಷ್ಟೇ ಮದುವೆ ಮುರಿದಿತ್ತು, ದೂರವಾಗಿದ್ದ ಹೆಣ್ಣುಮಕ್ಕಳ ಜೊತೆ ಆಡಲು ಅವರಿಗೆ ಏನಾದರೂ ಬೇಕಿತ್ತು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಆದರೆ 1981ರ ಹೊತ್ತಿಗೆ ಇದೇ ಬಗೆಯಲ್ಲಿ 'ಸಾಫ್ಟ್‌ಪೋರ್ನ್ ಅಡ್ವೆಂಚರ್' ಎಂಬ ಆಟವೂ ಅಂಗಡಿಗೆ ಬಂದಿತ್ತು. ಅಂದರೆ ಚಿತ್ರ ಇಲ್ಲದ ಆಟದಲ್ಲಿ ದೊಡ್ಡವರ ವಿಷಯ ಮೊದಲಿನಿಂದಲೂ ಇದೆ. ಅಮೆರಿಕದಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಮಂಡಳಿ ಶುರುವಾಗಿದ್ದು 1994ರಲ್ಲಿ. ಅದಕ್ಕೂ ಹಿಂದಿನ ಆಟದ ಡಬ್ಬಿ ಮೇಲೆ ಆ ಗುರುತು ಹುಡುಕಿ ಪ್ರಯೋಜನವಿಲ್ಲ. ಈಗಿನ ಅಕ್ಷರದ ಆಟಗಳಲ್ಲೂ ಬಹುಪಾಲು ಹವ್ಯಾಸಿಗಳು ಬರೆದು ಪುಕ್ಕಟೆ ಹಂಚುವಂಥವು. ಅವು ಆ ಮಂಡಳಿಯ ಮುಂದೆ ಹೋಗುವುದೇ ಇಲ್ಲ.

ಇಷ್ಟು ನಿಮಗೆ ಸಿಕ್ಕ ಆಟದ ಮಾತು. ಪದಗಳ ಆಟದಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಬರೆದವರು ಪೋಲಿಯಾಗಿ ಯೋಚಿಸದಿದ್ದರೂ ಅಕ್ಷರಗಳು ತಾವಾಗಿಯೇ ಅಲ್ಲಿಗೆ ಹೋಗಿಬಿಡುತ್ತವೆ. ಕನ್ನಡದಲ್ಲೇ ನೋಡಿ. ಮೊದಲ ಅಕ್ಷರ ಕೀಳುವ ಯಂತ್ರ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. 'ಕವನ'ಕ್ಕೆ ಹಿಡಿದರೆ 'ವನ' ಬರುತ್ತದೆ, ಚೆನ್ನಾಗಿದೆ. 'ಸಮೋಸ'ಕ್ಕೆ ಹಿಡಿದರೆ 'ಮೋಸ'. ಮೋಸವನ್ನು ತಟ್ಟೆಯಲ್ಲಿ ಇಡುವುದು ಹೇಗೆ? ಆಟ ಬರೆಯುವವರು ಅದಕ್ಕೊಂದು ಉತ್ತರ ಯೋಚಿಸಬೇಕು. 'ಕಮಲ'ಕ್ಕೆ ಹಿಡಿದರೆ? ದೇವರ ಮುಂದೆ ಇಟ್ಟ ಹೂವು ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಇಲ್ಲಿ ಯಾರೂ ಕೆಟ್ಟದ್ದು ಬರೆದಿಲ್ಲ. ನಿಯಮವೊಂದನ್ನು ಇಟ್ಟರು, ಹೂವೊಂದನ್ನು ಇಟ್ಟರು, ಉಳಿದದ್ದನ್ನು ಆಡುವವನು ಮಾಡಿದ.

ಇಂಗ್ಲಿಷಿನಲ್ಲಿ ಈ ಪೇಚು ಇನ್ನೂ ಜಾಸ್ತಿ. ಅಲ್ಲಿ ಚಿಕ್ಕ ಪದಗಳು ಹೆಚ್ಚು, ಅವುಗಳಲ್ಲಿ ಬಹಳಷ್ಟಕ್ಕೆ ಬೀದಿ ಮಾತಿನ ಅರ್ಥವೊಂದು ಅಂಟಿಕೊಂಡಿರುತ್ತದೆ. ಗೋಡೆ ಗಡಿಯಾರದ ಇಂಗ್ಲಿಷ್ ಪದದಿಂದ 'ಎಲ್' ತೆಗೆದರೆ ಹುಂಜ ಎಂಬ ಪದ ಉಳಿಯುತ್ತದೆ. ಅದೇ ಪದ ಬೀದಿಯಲ್ಲಿ ಗಂಡಸಿನ ಅಂಗದ ಹೆಸರು. ಆಟ ಬರೆದವರು ಇಲ್ಲಿ ಏನು ಮಾಡುತ್ತಾರೆ? ಹುಂಜ ಕೊಟ್ಟು ಸುಮ್ಮನಾಗಬಹುದು. ಬೇರೆಯದನ್ನೂ ಕೊಡಬಹುದು. ಯಂತ್ರ ಕೆಲಸ ಮಾಡಲಿಲ್ಲ ಎಂದು ಬರೆದು ದಾಟಿಸಬಹುದು. ಇಂಥ ಕಡೆ ಬರೆದವರು ಏನು ಮಾಡಿದ್ದಾರೆ ಎಂದು ನೋಡಿದರೆ ಆಟ ಯಾರಿಗಾಗಿ ಬರೆದದ್ದು ಅಂತ ನನಗೆ ಗೊತ್ತಾಗಿಬಿಡುತ್ತದೆ. ಮುನ್ನುಡಿಗಿಂತ ನಾನು ಇದನ್ನು ಜಾಸ್ತಿ ನಂಬುತ್ತೇನೆ.

ಅಕ್ಷರ ಅದಲುಬದಲು ಮಾಡುವ ಆಟಗಳಲ್ಲಿ ಇನ್ನೂ ಎಚ್ಚರ ಬೇಕು. ಎರಡು ಪದಗಳ ಮೊದಲ ಸದ್ದನ್ನು ಪರಸ್ಪರ ಬದಲಿಸುವುದಕ್ಕೆ ಸ್ಪೂನರಿಸಂ ಎನ್ನುತ್ತಾರೆ. 'ಷೇಕ್ ಎ ಟವರ್' ಅಂದರೆ ಗೋಪುರ ಅಲ್ಲಾಡಿಸು. ಸದ್ದು ಬದಲಿಸಿದರೆ 'ಟೇಕ್ ಎ ಷವರ್', ಸ್ನಾನ ಮಾಡು. ಫ್ರೆಂಚರಲ್ಲಿ ಇದೊಂದು ಹಳೆಯ ಕಲೆ, ಅವರಲ್ಲಿ ಬಹುಪಾಲು ಪೋಲಿಯೇ. ಅವರ ಸಂಪ್ರದಾಯದಲ್ಲಿ ಹೇಳುವವನು ಸಭ್ಯವಾದ ಸಾಲನ್ನಷ್ಟೇ ಹೇಳುತ್ತಾನೆ. ತಿರುಗಿಸಿದ ಸಾಲನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅರ್ಥವಾದವನು ನಗುತ್ತಾನೆ, ಆಗದವನು ಸುಮ್ಮನೆ ಕೂತಿರುತ್ತಾನೆ. ಪಕ್ಕದಲ್ಲಿ ಮಗು ಇದ್ದರೂ ಅದಕ್ಕೇನೂ ತಾಗುವುದಿಲ್ಲ.

ನಮ್ಮಲ್ಲೂ ಹಾಗೇ ಅಲ್ವಾ? ಹಳ್ಳಿಯ ಒಗಟುಗಳಲ್ಲಿ ಕೇಳಿದರೆ ಕಿವಿ ಕೆಂಪಾಗುವಂಥವು ಇವೆ, ಉತ್ತರ ನೋಡಿದರೆ ಒನಕೆ, ಒರಳು. ಕಂಪನಿ ನಾಟಕದಲ್ಲಿ, ಸಿನಿಮಾದ ಹಾಸ್ಯದಲ್ಲಿ ಡಬಲ್ ಮೀನಿಂಗ್ ಕೇಳುತ್ತಲೇ ಬೆಳೆದವರು ನಾವು. ಮನೆಮಂದಿಯೆಲ್ಲ ಒಟ್ಟಿಗೆ ಕೂತಿರುತ್ತಿದ್ದರು. ದೊಡ್ಡವರಿಗೆ ಒಂದು ಅರ್ಥ ತಲುಪುತ್ತಿತ್ತು, ಚಿಕ್ಕವರಿಗೆ ಇನ್ನೊಂದು.

ಟೈಪ್ ಮಾಡುವ ಆಟದಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿ ಆಡುವವನು ಕೇಳುಗನಾಗಿ ಉಳಿಯಲು ಆಗುವುದಿಲ್ಲ. ತಿರುಗಿಸಿದ ಸಾಲನ್ನು ಅವನೇ ಕಂಡುಹಿಡಿದು ಅವನೇ ಟೈಪ್ ಮಾಡಬೇಕು, ಆಗಲೇ ಬಾಗಿಲು ತೆರೆಯುವುದು. ಉತ್ತರವೇ ಪೋಲಿ ಮಾತಾಗಿದ್ದರೆ ಗೊತ್ತಿಲ್ಲದ ಮಗು ಅಲ್ಲೇ ನಿಂತುಬಿಡುತ್ತದೆ. ತಾನು ದಡ್ಡ ಅಂದುಕೊಳ್ಳುತ್ತದೆ. ಆಮೇಲೆ ಇಂಟರ್‌ನೆಟ್‌ನಲ್ಲಿ ಉತ್ತರ ಹುಡುಕಲು ಹೋಗುತ್ತದೆ. ಆ ಪದಗಳನ್ನು ಹಾಕಿ ಹುಡುಕಿದರೆ ಏನೇನು ಬರುತ್ತದೆ ಅಂತ ನಿಮಗೆ ಗೊತ್ತು. ಆಟದೊಳಗಿನ ಒಂದು ಪೋಲಿ ಸಾಲಿಗಿಂತ ಈ ಹುಡುಕಾಟದ ಬಗ್ಗೆ ನನಗೆ ಹೆಚ್ಚು ಆತಂಕ. ಪುಸ್ತಕದಲ್ಲಾದರೆ ಅರ್ಥವಾಗದ ಸಾಲನ್ನು ಮಕ್ಕಳು ದಾಟಿ ಹೋಗುತ್ತಾರೆ. ಇಲ್ಲಿ ದಾಟಲು ಆಟವೇ ಬಿಡುವುದಿಲ್ಲ. ಆದ್ದರಿಂದ ಪದಗಳ ಆಟ ಬರೆಯುವವರು ಪೋಲಿತನ ಇದ್ದರೆ ಮೊದಲೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಬಗೆಯ ಆಟಗಳವರಿಗಿಂತ ಇವರಿಗೆ ಈ ಹೊಣೆ ಹೆಚ್ಚು.

ಮನೆಯ ಫಿಲ್ಟರ್ ತಂತ್ರಾಂಶ ಇದನ್ನು ತಡೆಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಫಿಲ್ಟರ್ ನೋಡುವುದು ಅಕ್ಷರದ ಸಾಲನ್ನು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಓಎಲ್ ಎಂಬ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ನಡುವೆ ಬೈಗುಳದ ನಾಲ್ಕು ಅಕ್ಷರ ಇದ್ದದ್ದೇ ಅದಕ್ಕೆ ಕಾರಣ. ಹೀಗೆ ಒಳ್ಳೆಯ ಪದ ಸಿಕ್ಕಿಬೀಳುತ್ತದೆ, ಡಬಲ್ ಮೀನಿಂಗ್ ಮಾತ್ರ ಆರಾಮಾಗಿ ಒಳಗೆ ಬರುತ್ತದೆ. ಅದರ ಒಂದೊಂದು ಪದವೂ ಸಭ್ಯವಾಗಿಯೇ ಇರುತ್ತದಲ್ಲ.

ಇನ್ನೊಂದು ಮಾತು, ಮಗ ತಾನೇ ಬೈಗುಳ ಟೈಪ್ ಮಾಡಿ ನೋಡುತ್ತಾನೆ. ಎಲ್ಲ ಮಕ್ಕಳೂ ಮಾಡುತ್ತಾರೆ, ಅದಕ್ಕೆ ಗಾಬರಿ ಬೇಡ. ಆಟ ಬರೆಯುವವರಿಗೂ ಇದು ಮೊದಲಿನಿಂದ ಗೊತ್ತು. 'ಜೋರ್ಕ್' ಆಟದಲ್ಲಿ ಬೈದರೆ, ಇಂಥ ಮರ್ಯಾದಸ್ಥ ಜಾಗದಲ್ಲಿ ಇದೇನು ಮಾತು ಎಂಬರ್ಥದ ಉತ್ತರ ಬರುತ್ತಿತ್ತು. 1993ರಲ್ಲಿ ಗ್ರಹಾಂ ನೆಲ್ಸನ್ ಮಾಡಿದ 'ಇನ್ಫಾರ್ಮ್' ಎಂಬ ಸಲಕರಣೆಯಿಂದ ನೂರಾರು ಆಟಗಳು ಹುಟ್ಟಿವೆ. ಅದರಲ್ಲಿ ಬೈಗುಳಕ್ಕೆ ತಯಾರಿದ್ದ ಉತ್ತರ, ನಿಜವಾದ ಸಾಹಸಿಗಳು ಇಂಥ ಮಾತಾಡುವುದಿಲ್ಲ ಅಂತ. ಸಣ್ಣ ಗೊಣಗಾಟಕ್ಕೆ ಬೇರೆ, ಮೆತ್ತಗಿನ ಉತ್ತರ ಇತ್ತು. ಗದರಿಸದೆ, ಬೆಚ್ಚದೆ ತಿದ್ದುವ ಈ ರೀತಿ ನನಗೆ ಇಷ್ಟ.

ಎಐ ಹೇಳುವ ಕಥೆಯಾಟಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಗ ಮುಂದೆ ಅಲ್ಲಿಗೇ ಹೋಗುವ ಸಾಧ್ಯತೆ ಹೆಚ್ಚು. 2019ರಲ್ಲಿ ಬಂದ 'ಎಐ ಡಂಜನ್' ಆಟದಲ್ಲಿ ಏನು ಟೈಪ್ ಮಾಡಿದರೂ ಕಥೆ ಮುಂದುವರಿಯುತ್ತಿತ್ತು. ಸಭ್ಯ ಕಥೆ ಹೋಗಿ ಹೋಗಿ ಲೈಂಗಿಕ ವಿಷಯಕ್ಕೆ ತಿರುಗುವುದೂ ಇತ್ತು. 2021ರಲ್ಲಿ ಕಂಪನಿ ಫಿಲ್ಟರ್ ಹಾಕಿತು, ಆಗ ತಪ್ಪಿಲ್ಲದ ಕಥೆಗಳೂ ನಿಂತುಹೋಗಿ ಆಡುವವರು ಸಿಟ್ಟಾದರು. ಮನುಷ್ಯರು ಬರೆದ ಆಟದಲ್ಲಿ ಪ್ರತಿ ಸಾಲಿನ ಹಿಂದೆ ಒಬ್ಬರು ಕೂತು ಯೋಚಿಸಿರುತ್ತಾರೆ. ಇಲ್ಲಿ ಆ ಸಾಲನ್ನು ನಿಮಗಿಂತ ಮೊದಲು ಯಾರೂ ಓದಿರುವುದಿಲ್ಲ. 13ರ ಹುಡುಗನಿಗೆ ಒಬ್ಬನೇ ಆಡಲು ಇದನ್ನು ನಾನು ಕೊಡುವುದಿಲ್ಲ.

ಈಗ ಯಾವುದು ಕೊಡಬಹುದು ಅನ್ನುವುದಕ್ಕೆ ಬರುತ್ತೇನೆ.

ಮೊದಲು 'ನಾರ್ಡ್ ಆ್ಯಂಡ್ ಬರ್ಟ್'. ಪೂರ್ತಿ ಹೆಸರು ಬಹಳ ಉದ್ದ, ಇಷ್ಟು ಹಾಕಿದರೆ ಸಿಗುತ್ತದೆ. ಅದೇ ಇನ್ಫೋಕಾಮ್, 1987, ಬರೆದವರು ಜೆಫ್ ಓನೀಲ್. ಇದು ಒಂದೇ ಕಥೆಯಲ್ಲ, ಚಿಕ್ಕ ಚಿಕ್ಕ ಭಾಗಗಳು. ಒಂದು ಭಾಗ ಒಂದೇ ಸದ್ದಿನ ಪದಗಳ ಮೇಲೆ, ಒಂದು ನುಡಿಗಟ್ಟುಗಳ ಮೇಲೆ. ಮೇಲೆ ಹೇಳಿದ ಗೋಪುರ ಮತ್ತು ಸ್ನಾನದ ತಮಾಷೆ ಇದರದ್ದೇ ಒಂದು ಭಾಗದ ಹೆಸರು. ಸುಳಿವುಗಳು ಆಟದೊಳಗೇ ಇವೆ, ಅದಕ್ಕಾಗಿ ಹೊರಗೆ ಹುಡುಕಬೇಕಿಲ್ಲ. ನಿಮ್ಮ ಮನೆಗೆ ಇದೇ ದೊಡ್ಡ ಅನುಕೂಲ. ಕಷ್ಟ ಅಂದರೆ ಅದರ ಇಂಗ್ಲಿಷ್ ಅಪ್ಪಟ ಅಮೆರಿಕದ ಆಡುಮಾತು. ಸತ್ತ ಎನ್ನಲು 'ತೋಟ ಕೊಂಡುಕೊಂಡ' ಅನ್ನುವಂಥ ಮಾತುಗಳು. ಮೈಸೂರಿನ ಹುಡುಗನಿಗೆ ಇವು ಹೊಸದು. ನೀವೂ ಜೊತೆ ಕೂತು ನಿಘಂಟು ತೆರೆದಿಟ್ಟುಕೊಂಡರೆ ಅದೇ ಒಂದು ಆಟವಾಗುತ್ತದೆ.

ಅವನಿಗೆ ಪದಬಂಧ ಇಷ್ಟ ಅಂದಿರಿ. ಹಾಗಾದರೆ ನಿಕ್ ಮಾಂಟ್‌ಫರ್ಟ್ 2000ದಲ್ಲಿ ಬರೆದ 'ಆ್ಯಡ್ ವರ್ಬಮ್' ಅವನಿಗೆ ಹಿಡಿಸಬೇಕು. ಅದರಲ್ಲಿ ಒಂದು ಕೋಣೆಯ ವರ್ಣನೆಯ ಎಲ್ಲ ಪದಗಳೂ 'ಎಸ್' ಅಕ್ಷರದಿಂದ ಶುರು. ಅಲ್ಲಿರುವಾಗ ನೀವು ಟೈಪ್ ಮಾಡುವ ಮಾತೂ ಎಸ್‌ನಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ಏನೂ ನಡೆಯುವುದಿಲ್ಲ, ಹೊರಗೂ ಹೋಗಲಾಗುವುದಿಲ್ಲ. ಅವಧಾನದಲ್ಲಿ ನಿಷೇಧಾಕ್ಷರಿ ನೋಡಿದವರಿಗೆ ಇದರ ರುಚಿ ಕೂಡಲೇ ತಿಳಿಯುತ್ತದೆ. ಪೃಚ್ಛಕರು ಒಂದೊಂದೇ ಅಕ್ಷರವನ್ನು ಬೇಡ ಅನ್ನುತ್ತಾ ಹೋಗುತ್ತಾರೆ, ಅವಧಾನಿ ಆ ಅಕ್ಷರ ಬಿಟ್ಟು ಪದ್ಯ ಕಟ್ಟುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನದ ವಿಡಿಯೋ ಒಂದನ್ನು ಮಗನಿಗೆ ತೋರಿಸಿ, ಆಮೇಲೆ ಈ ಆಟ ಕೊಡಿ. ಎರಡೂ ಒಂದೇ ಬಗೆಯ ಸುಖ ಅಂತ ಅವನಿಗೇ ಗೊತ್ತಾಗುತ್ತದೆ.

'ವಿಕಟಕವಿ', 'ಕುಬೇರನಿಗೇನಿರಬೇಕು' ಥರದ್ದು ಅವನಿಗೆ ಇಷ್ಟವಾ? ಆಂಡ್ರೂ ಶುಲ್ಟ್ಜ್ ಬರೆದ 'ಐಲಿಫಿಲಿಯಾ' ಅಂಥ, ಎರಡೂ ಕಡೆಯಿಂದ ಒಂದೇ ಥರ ಓದುವ ಮಾತುಗಳ ಆಟ. ಅವರದೇ 'ಶಫ್ಲಿಂಗ್ ಅರೌಂಡ್' 2012ರದ್ದು. ಅಲ್ಲಿ ವಸ್ತುವಿನ ಹೆಸರಿನ ಅಕ್ಷರ ಕಲಸಿ ಬೇರೆ ವಸ್ತು ಮಾಡಬೇಕು.

ಕೊನೆಗೆ ಎಮಿಲಿ ಶಾರ್ಟ್ 2012ರಲ್ಲಿ ಹೊರತಂದ 'ಕೌಂಟರ್‌ಫೀಟ್ ಮಂಕಿ'. ಟಿ ಯಂತ್ರ ಇಷ್ಟವಾದವರಿಗೆ ಇದು ಹಬ್ಬ. ಇಲ್ಲಿ ಯಂತ್ರ ಯಾವ ಅಕ್ಷರವನ್ನಾದರೂ ಕೀಳುತ್ತದೆ. ಹಳೇ ಹಸ್ತಪ್ರತಿಗೆ 'ಕೋಡೆಕ್ಸ್' ಅನ್ನುತ್ತಾರೆ. ಅದರ ಕೊನೆಯ 'ಎಕ್ಸ್' ಕಿತ್ತರೆ 'ಕೋಡ್'. ಆಟ ಶುರುವಾಗುವುದೇ ಇಂಥದ್ದರಿಂದ. ಕಥಾನಾಯಕಿ ಅಲೆಕ್ಸಾಂಡ್ರಾ ನಿಜವಾಗಿ ಇಬ್ಬರು, ಅಲೆಕ್ಸ್ ಮತ್ತು ಆಂಡ್ರಾ. ಎರಡು ಹೆಸರು ಸೇರಿಸಿ ಎರಡು ಮೈಯನ್ನೂ ಒಂದು ಮಾಡಿದ್ದಾರೆ. ಆಟಗಾರ ಮಾಡಬಹುದಾದ ಎಷ್ಟೊಂದು ಪದಗಳಿಗೆ ಎಮಿಲಿ ಉತ್ತರ ಬರೆದಿಟ್ಟಿದ್ದಾರೆ ಅಂದರೆ, ಅದನ್ನು ನೋಡಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. ಇದೂ ಚಿಕ್ಕ ಮಕ್ಕಳ ಆಟವಲ್ಲ. ಪದಗಳ ಮೇಲೆ ಕಾವಲು ಹಾಕುವ ಸರ್ಕಾರ, ಅದರ ಭಯ, ಇಬ್ಬರು ಒಂದೇ ಮೈಯಲ್ಲಿರುವ ಇರುಸುಮುರುಸು ಎಲ್ಲ ಬರುತ್ತದೆ. 13ರ ಹುಡುಗ ಪಕ್ಕದಲ್ಲಿ ನೀವಿದ್ದರೆ ಆಡಬಹುದು, ಇನ್ನೊಂದು ವರ್ಷ ಬಿಟ್ಟು ಕೊಟ್ಟರೂ ನಷ್ಟವಿಲ್ಲ.

ಯಾವ ಹೊಸ ಆಟವಾದರೂ ಕೊಡುವ ಮುಂಚೆ ತೆರೆದು 'ಅಬೌಟ್' ಅಂತ ಟೈಪ್ ಮಾಡಿ. ಬರೆದವರು ಹೇಳಬೇಕಾದ್ದನ್ನು ಸಾಮಾನ್ಯವಾಗಿ ಅಲ್ಲೇ ಹೇಳಿರುತ್ತಾರೆ. 2007ರಿಂದ ಐಎಫ್‌ಡಿಬಿ ಎಂಬ ಜಾಲತಾಣ ಇದೆ. ಅಲ್ಲಿ ಒಂದೊಂದು ಆಟಕ್ಕೂ ಟ್ಯಾಗ್, ಆಡಿದವರ ವಿಮರ್ಶೆ ಸಿಗುತ್ತವೆ. ಅಲ್ಲಿನ ನಕ್ಷತ್ರಗಳು ಆಟ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತವೆ, ಯಾವ ವಯಸ್ಸಿಗೆ ಎಂದಲ್ಲ. ನಿಮಗೆ ಸಿಕ್ಕ ಆಟ ಅಲ್ಲಿ ಅಭಿಮಾನಿಗಳ ಮೆಚ್ಚುಗೆ ಪಡೆದದ್ದೇ. 1995ರಿಂದ ಪ್ರತಿವರ್ಷ ನಡೆಯುವ ಐಎಫ್‌ಕಾಂಪ್ ಸ್ಪರ್ಧೆಯ ಈಚಿನ ಆಟಗಳಾದರೆ, ವಿವರದ ಜೊತೆ ಎಚ್ಚರಿಕೆಯ ಸಾಲು ಇದೆಯಾ ನೋಡಿ. ಎಚ್ಚರಿಕೆ ಹಾಕಿದ ಆಟಕ್ಕೆ ಹೆದರಬೇಡಿ. ಹಾಕಿದವರು ನಿಮ್ಮ ಬಗ್ಗೆ ಯೋಚಿಸಿದ್ದಾರೆ. ಏನೂ ಬರೆಯದೆ ಬಿಟ್ಟ ಆಟವನ್ನು ನೀವೇ ಅರ್ಧ ಗಂಟೆ ಆಡಿ ನೋಡಿ.

ಲ್ಯಾಪ್‌ಟಾಪ್ ಮುಚ್ಚಿದ್ದರಲ್ಲಿ ತಪ್ಪಿಲ್ಲ. ಆದರೆ ಏಕೆ ಮುಚ್ಚಿದೆ ಅಂತ ಅವನಿಗೆ ಹೇಳಿಲ್ಲದಿದ್ದರೆ ಈಗ ಹೇಳಿ. ಇದು ದೊಡ್ಡವರಿಗೆ ಬರೆದ ಆಟ, ನನಗೆ ಮೊದಲೇ ಗೊತ್ತಿರಲಿಲ್ಲ, ನಿನ್ನ ತಪ್ಪೇನೂ ಇಲ್ಲ ಅಂದರೆ ಸಾಕು. ಇಲ್ಲದಿದ್ದರೆ ಅವನು ಅದನ್ನು ಒಬ್ಬನೇ ಇದ್ದಾಗ ಮತ್ತೆ ತೆರೆಯುತ್ತಾನೆ. ಕಿಂಗ್ ಮೈಟರ್ ಮಗಳ ಒಗಟನ್ನು ನೀವೇ ಬಾಯಲ್ಲಿ ಹೇಳಿ ಬಿಡಿಸಲು ಕೊಡಿ, ಅವನು ಕಾಯುತ್ತಿದ್ದದ್ದು ಅದಕ್ಕೇ ತಾನೇ. ಆಮೇಲೆ ಈ ವಾರಾಂತ್ಯಕ್ಕೆ ನಾರ್ಡ್ ಆ್ಯಂಡ್ ಬರ್ಟ್‌ನಲ್ಲಿ ಒಂದೇ ಸದ್ದಿನ ಪದಗಳ ಭಾಗದಿಂದ ಶುರು ಮಾಡಿ. ಅದಕ್ಕೆ 'ಶಾಪಿಂಗ್ ಬಿಜಾರ್' ಅಂತ ಹೆಸರು, ಅಮೆರಿಕದ ಆಡುಮಾತು ಹೆಚ್ಚು ಗೊತ್ತಿಲ್ಲದವರಿಗೂ ಅದು ಕೈಗೆ ಸಿಗುತ್ತದೆ.